12,000 ರೂಪಾಯಿಗೆ ಒಳ್ಳೆ ಗಿಟಾರ್ ಸಿಗುತ್ತಾ? ಅಂಗಡಿಗೆ ಹೋಗೋ ಮುಂಚೆ ಮೂರು ಎಟಿಎಂ ಕಾರ್ಡ್ ಜೇಬಲ್ಲಿಟ್ಕೊಳ್ಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇರೋರಿಗೆ, ಪಾತ್ರೆ ತೊಳೀತಾ ಕೇಳ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಗಿಟಾರ್. ನಾನು ಓದಿದ್ದು ಬಿಕಾಂ, ಸಂಗೀತ ಅಲ್ಲ. ಹಾಗಾಗಿ ಇವತ್ತು ನಾನು ಹೇಳೋದು ಹೇಗೆ ನುಡಿಸಬೇಕು ಅಂತಲ್ಲ. ಕಮ್ಮಿ ದುಡ್ಡಲ್ಲಿ, ನುಡಿಸೋಕೂ ಸ್ಟೇಜ್ ಮೇಲೆ ಹಾಡೋಕೂ ಆಗೋ ಅಂಥ ಅಕೌಸ್ಟಿಕ್ ಗಿಟಾರ್ ಹೇಗೆ ಆರಿಸಬೇಕು ಅಂತ.

ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ದಾವಣಗೆರೆಯಲ್ಲಿರೋ ನಮ್ಮ ಚಿಕ್ಕಮ್ಮನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಅಕ್ಕಾ, ಹನ್ನೆರಡು ಸಾವಿರ ಆಗಿದೆ. ಒಂದು ಗಿಟಾರ್ ತಗೋಬೇಕು. ಗಣೇಶನ ಹಬ್ಬಕ್ಕೆ ನಮ್ಮ ಏರಿಯಾ ಪೆಂಡಾಲ್‌ನಲ್ಲಿ ಹಾಡ್ತೀನಿ ಅಂತ ಒಪ್ಕೊಂಡ್ಬಿಟ್ಟಿದೀನಿ." ಆ ಹನ್ನೆರಡು ಸಾವಿರ ಹೇಗೆ ಬಂತು ಅಂತ ನಂಗೆ ಗೊತ್ತು. ಬೆಳಗ್ಗೆ ಕಾಲೇಜು, ಸಂಜೆ ಆರರಿಂದ ಪಾರ್ಸೆಲ್ ಡೆಲಿವರಿ, ಪೆಟ್ರೋಲ್ ಖರ್ಚು ಕಳೆದು ಉಳಿದಿದ್ದು. ಅದರ ಜೊತೆಗೇ ಎರಡು ಲಿಂಕ್ ಕಳಿಸಿದ್ದ. ಒಂದು 4,500 ರೂಪಾಯಿದು, ಜೊತೆಗೆ ಬ್ಯಾಗು, ಬೆಲ್ಟು, ಪಿಕ್ಕು, ಅದೂ ಇದೂ ಎಲ್ಲ ಫ್ರೀ. ಇನ್ನೊಂದು 12,000ದ್ದು, ಪಕ್ಕದಲ್ಲಿ ಗುಂಡಿಗಳಿರೋ, ವೈರ್ ಹಾಕೋ ಗಿಟಾರ್. "ಯಾವುದು ತಗೊಳ್ಲಿ?" ಅಂತ ಕೇಳಿದ.

ಉತ್ತರ ಹೇಳೋಕೆ ಮುಂಚೆ ನನ್ನದೊಂದು ಕಥೆ ಹೇಳಬೇಕು.

ನನ್ನ 2,999 ರೂಪಾಯಿಯ ಪಾಠ

2016. ಶಿವಮೊಗ್ಗದಲ್ಲಿ ಬಿಕಾಂ ಎರಡನೇ ವರ್ಷ. ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಆನ್‌ಲೈನ್ ಸೇಲ್‌ನಲ್ಲಿ ಒಂದು ಗಿಟಾರ್ ತರಿಸಿದೆ. 2,999. ಫೋಟೋದಲ್ಲಿ ಚೆನ್ನಾಗಿತ್ತು. ಮನೆಗೆ ಬಂದಾಗಲೂ ನೋಡೋಕೆ ಚೆನ್ನಾಗೇ ಇತ್ತು.

ತೊಂದರೆ ಶುರುವಾಗಿದ್ದು ಬೆರಳಿಟ್ಟ ಮೇಲೆ. ತಂತಿ ಒತ್ತೋಕೆ ಪೂರ್ತಿ ಶಕ್ತಿ ಹಾಕಬೇಕಿತ್ತು. ಯೂಟ್ಯೂಬ್‌ನಲ್ಲಿ ಎಲ್ಲರೂ "ಮೊದಲು ನೋಯುತ್ತೆ, ಆಮೇಲೆ ಅಭ್ಯಾಸ ಆಗುತ್ತೆ" ಅಂತಿದ್ರು. ಸರಿ ಅಂತ ನೋಯಿಸ್ಕೊಂಡೆ. ಎಫ್ ಕಾರ್ಡ್ ಅಂತ ಒಂದು ಬರುತ್ತೆ, ತೋರುಬೆರಳಲ್ಲಿ ಆರೂ ತಂತಿಯನ್ನ ಒಟ್ಟಿಗೆ ಒತ್ತಬೇಕು. ಅದು ಐದು ತಿಂಗಳಾದ್ರೂ ಬರಲಿಲ್ಲ. ಕೊನೆಗೆ ಗಿಟಾರ್ ಅಟ್ಟ ಸೇರ್ತು. ಯಾರಾದ್ರೂ ಕೇಳಿದ್ರೆ "ಸಂಗೀತ ನಂಗೆ ಒಲಿಯಲ್ಲ ಬಿಡಿ" ಅಂತಿದ್ದೆ. ಆರು ವರ್ಷ ಹಾಗೇ ಅಂದ್ಕೊಂಡಿದ್ದೆ.

2022ರಲ್ಲಿ ಬೆಂಗಳೂರಿನ ಪಿಜಿಯಲ್ಲಿ ರೂಮ್‌ಮೇಟ್ ಗಿಟಾರ್ ಒಂದು ಮಂಚದ ಮೇಲಿತ್ತು. ಸುಮ್ನೆ ಎತ್ತಿಕೊಂಡು ಹಳೇ ನೆನಪಲ್ಲಿ ಎಫ್ ಹಿಡಿದೆ. ಅದು ನುಡೀತು. ಪೂರ್ತಿ ಸ್ಪಷ್ಟವಾಗಿ ಅಲ್ಲ, ಆದ್ರೆ ನುಡೀತು. ನಾನು ಹಾಗೇ ಕೂತುಬಿಟ್ಟೆ. ನನ್ನ ಬೆರಳಲ್ಲಿ ದೋಷ ಇರಲೇ ಇಲ್ಲ.

ಮುಂದಿನ ಸಲ ಊರಿಗೆ ಹೋದಾಗ ಹಳೇ ಗಿಟಾರ್ ತಂದು ರಿಪೇರಿ ಮಾಡೋರ ಹತ್ರ ತೋರಿಸಿದೆ. ಅವರು ಸ್ಕೇಲ್ ಇಟ್ಟು ಅಳೆದ್ರು. ಹನ್ನೆರಡನೇ ಫ್ರೆಟ್ ಹತ್ರ ತಂತಿ 4 ಮಿಲಿಮೀಟರ್‌ಗಿಂತ ಮೇಲಿತ್ತು. "ಮೇಡಂ, ಇದರ ಕತ್ತು ಬಾಗಿದೆ. ಒಳಗೆ ಸರಿ ಮಾಡೋಕೆ ರಾಡೂ ಇಲ್ಲ" ಅಂದ್ರು. ಅಲ್ಲಿಗೆ ಮುಗೀತು.

ಅಗ್ಗದ ಗಿಟಾರ್ ಹಾಳಾದ್ರೆ ಹೋಗೋದು ಮೂರು ಸಾವಿರ. ಆದ್ರೆ ಅದು ನಿಮ್ಮ ಮೇಲೇ ನಿಮಗಿರೋ ನಂಬಿಕೆ ತಗೊಂಡು ಹೋದ್ರೆ, ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಸಿಗಲ್ಲ. ತಮ್ಮನಿಗೆ ಹಾಗಾಗಬಾರದು ಅಂತ ನಾನು ಕೂತು ಕಲಿತಿದ್ದನ್ನೇ ಈಗ ಹೇಳ್ತೀನಿ.

ಮೊದಲ ಪರೀಕ್ಷೆ: ಆ್ಯಕ್ಷನ್

ಫ್ರೆಟ್‌ಗಳು ಅಂದ್ರೆ ಗಿಟಾರ್ ಕತ್ತಿನ ಮೇಲಿರೋ ಲೋಹದ ಅಡ್ಡಪಟ್ಟಿಗಳು. ಅವುಗಳಿಂದ ತಂತಿ ಎಷ್ಟು ಮೇಲಿದೆ ಅನ್ನೋದಕ್ಕೆ ಆ್ಯಕ್ಷನ್ ಅಂತಾರೆ. ಕಲಿಯೋರಿಗೆ ಬ್ರ್ಯಾಂಡ್‌ಗಿಂತ, ಬಣ್ಣಕ್ಕಿಂತ, ಮರಕ್ಕಿಂತ ಮುಖ್ಯ ಇದು.

ಅಳೆಯೋದು ಹೇಗೆ? ನಿಮ್ಮ ಪರ್ಸಲ್ಲೇ ಅಳತೆ ಇದೆ. ಎಟಿಎಂ ಕಾರ್ಡ್‌ಗಳ ದಪ್ಪ ಪ್ರಪಂಚದಾದ್ಯಂತ ಒಂದೇ, 0.76 ಮಿಲಿಮೀಟರ್. ಮೂರು ಕಾರ್ಡ್ ಜೋಡಿಸಿದ್ರೆ ಸುಮಾರು 2.3 ಮಿಲಿಮೀಟರ್. ಅಕ್ಷರ ಉಬ್ಬಿರೋ ಕಡೆ ಬೇಡ, ಸಪಾಟಾಗಿರೋ ಅಂಚು ಉಪಯೋಗಿಸಿ. ಗಿಟಾರ್ ಶ್ರುತಿ ಮಾಡಿದ ಮೇಲೆ, ಹನ್ನೆರಡನೇ ಫ್ರೆಟ್ ಮೇಲೆ, ಅತಿ ದಪ್ಪ ತಂತಿಯ ಕೆಳಗೆ ಮೂರು ಕಾರ್ಡ್ ತೂರಿಸಿ. ಮೂರು ಹೆಚ್ಚೂಕಮ್ಮಿ ಸರಿಯಾಗಿ ಕೂತ್ರೆ ಒಳ್ಳೇದು. ನಾಲ್ಕು ಕಾರ್ಡ್ ಆರಾಮಾಗಿ ಒಳಗೆ ಹೋದ್ರೆ ಆ ಗಿಟಾರ್ ನಿಮ್ಮ ಬೆರಳು ತಿನ್ನುತ್ತೆ. ನನ್ನ ಹಳೇ ಗಿಟಾರಲ್ಲಿ ಐದು ಕಾರ್ಡ್ ಹಿಡಿಸ್ತಿತ್ತು!

ಆ್ಯಕ್ಷನ್ ಸ್ವಲ್ಪ ಜಾಸ್ತಿ ಇದ್ರೆ ಸರಿ ಮಾಡಬಹುದು. ತಂತಿ ಕೂರೋ ಬಿಳಿ ಪಟ್ಟಿ ಇದೆಯಲ್ಲ, ಬಾಡಿ ಕಡೆಯದು, ಅದು ಸ್ಯಾಡಲ್. ಅದರ ಕೆಳಭಾಗ ಉಜ್ಜಿ ತಗ್ಗಿಸ್ತಾರೆ. ಹನ್ನೆರಡನೇ ಫ್ರೆಟ್ ತಂತಿಯ ಸರಿ ಅರ್ಧಕ್ಕೆ ಇರೋದ್ರಿಂದ, ಅಲ್ಲಿ 1 ಮಿಲಿಮೀಟರ್ ಇಳೀಬೇಕು ಅಂದ್ರೆ ಸ್ಯಾಡಲ್‌ನಲ್ಲಿ 2 ಮಿಲಿಮೀಟರ್ ತೆಗೀಬೇಕು. ಹಾಗಾಗಿ ಸ್ಯಾಡಲ್ ಈಗಾಗಲೇ ಗಿಡ್ಡ ಇದ್ದು, ಆ್ಯಕ್ಷನ್ ಮಾತ್ರ ಎತ್ತರ ಇದ್ರೆ ಆ ಗಿಟಾರ್ ಬಿಟ್ಟು ಬನ್ನಿ. ತೆಗೆಯೋಕೆ ಅಲ್ಲಿ ಏನೂ ಉಳಿದಿರಲ್ಲ.

ಇನ್ನೊಂದು ತುದಿಯಲ್ಲಿ, ಬಿರಡೆಗಳ ಹತ್ರ ಇರೋ ಪಟ್ಟಿ ನಟ್. ಅದು ಎತ್ತರ ಇದ್ರೆ ಮೊದಲನೇ ಫ್ರೆಟ್ ಒತ್ತೋದು ಕಷ್ಟ. ಎಫ್ ಕಾರ್ಡ್ ಹಿಡಿಯೋದು ಮೊದಲನೇ ಫ್ರೆಟ್‌ನಲ್ಲೇ. ಎಷ್ಟೋ ಜನ ಎಫ್ ಹತ್ರ ಬಂದು ಗಿಟಾರ್ ಬಿಡೋಕೆ ಇದೂ ಒಂದು ಕಾರಣ.

ಎರಡನೇ ಪರೀಕ್ಷೆ: ಕತ್ತು ಮತ್ತು ಶ್ರುತಿ

ಗಿಟಾರನ್ನ ಕಣ್ಣಿನ ಹತ್ರ ಹಿಡಿದು, ಬಡಗಿ ಹಲಗೆ ನೋಡ್ತಾನಲ್ಲ, ಹಾಗೆ ಕತ್ತಿನ ಉದ್ದಕ್ಕೂ ನೋಡಿ. ಒಂದು ಪಕ್ಕಕ್ಕೆ ತಿರುಚಿದ್ರೆ ಬೇಡ. ಮುಂದಕ್ಕೆ ಕೂದಲೆಳೆಯಷ್ಟು ಬಾಗಿದ್ರೆ ಅದು ಸಹಜ, ಬೇಕು ಕೂಡ. ಸ್ಟೀಲ್ ತಂತಿಗಳು ಆರೂ ಸೇರಿ ಆ ಕತ್ತನ್ನ 70 ಕಿಲೋಗಿಂತ ಹೆಚ್ಚು ಬಲದಿಂದ ಎಳೀತಾ ಇರ್ತವೆ. ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ಜೋತಾಡಿದ ಹಾಗೆ. ಅದನ್ನ ತಡೆಯೋಕೆ ಕತ್ತಿನೊಳಗೆ ಟ್ರಸ್ ರಾಡ್ ಅಂತ ಒಂದು ಲೋಹದ ಸರಳು ಇರುತ್ತೆ. ಅಲೆನ್ ಕೀ ಹಾಕಿ ತಿರುಗಿಸಿ ಬಾಗನ್ನ ಸರಿ ಮಾಡಬಹುದು. ಸರಿ ಮಾಡೋಕೆ ಬರೋ ಟ್ರಸ್ ರಾಡ್ ಇಲ್ಲದ ಸ್ಟೀಲ್ ತಂತಿ ಗಿಟಾರ್‌ಗೆ ದುಡ್ಡು ಹಾಕಬೇಡಿ. ಅಂಗಡಿಯವರನ್ನ "ಟ್ರಸ್ ರಾಡ್ ಎಲ್ಲಿದೆ ತೋರಿಸಿ" ಅಂತ ಕೇಳಿ. ಸಾಮಾನ್ಯವಾಗಿ ಸೌಂಡ್ ಹೋಲ್ ಒಳಗೆ, ಇಲ್ಲಾ ತಲೆ ಭಾಗದ ಸಣ್ಣ ಮುಚ್ಚಳದ ಕೆಳಗೆ ಕಾಣುತ್ತೆ.

ಆಮೇಲೆ ಫೋನ್‌ನಲ್ಲಿ ಯಾವುದಾದ್ರೂ ಉಚಿತ ಟ್ಯೂನರ್ ಆ್ಯಪ್ ತೆಗೀರಿ. ತಂತಿಯನ್ನ ಖಾಲಿ ಮೀಟಿ ಶ್ರುತಿ ಸರಿ ಮಾಡಿ. ಈಗ ಅದೇ ತಂತಿಯನ್ನ ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು, ಮುಳ್ಳು ನಡುವಲ್ಲೇ ನಿಲ್ಲಬೇಕು. ಬಲಕ್ಕೋ ಎಡಕ್ಕೋ ಜಾಸ್ತಿ ಸರಿದ್ರೆ, ನೀವು ಎಷ್ಟೇ ಶ್ರುತಿ ಮಾಡಿದ್ರೂ ಮೇಲಿನ ಕಾರ್ಡ್‌ಗಳು ಅಪಸ್ವರವೇ. ಆರು ತಂತಿಗೂ ಇದನ್ನ ಮಾಡಿ. ಐದು ನಿಮಿಷದ ಕೆಲಸ. ಕೊನೆಗೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ಮೀಟಿ, ಎಲ್ಲಾದ್ರೂ ಜರ್‍ರ್ ಅನ್ನುತ್ತಾ ಕೇಳಿ. ನುಡಿಸೋಕೆ ಬರದಿದ್ರೂ ಇದಕ್ಕೆ ನಾಚಿಕೆ ಬೇಡ.

ಮರದ ಲೆಕ್ಕ

ಅಗ್ಗದ ಗಿಟಾರ್‌ಗಳ ಬಾಡಿ ಲ್ಯಾಮಿನೇಟ್, ಅಂದ್ರೆ ಪ್ಲೈವುಡ್ ಥರ ಪದರಗಳನ್ನ ಅಂಟಿಸಿದ್ದು. ಸ್ವಲ್ಪ ಮೇಲಿನ ದರದಲ್ಲಿ ಸಾಲಿಡ್ ಟಾಪ್ ಸಿಗುತ್ತೆ, ಅಂದ್ರೆ ಮುಂಭಾಗ ಪದರಗಳಿಲ್ಲದ ಅಪ್ಪಟ ಮರದ ಹಲಗೆ. ದನಿ ಹೆಚ್ಚಾಗಿ ಹುಟ್ಟೋದು ಆ ಮುಂಭಾಗದ ಕಂಪನದಿಂದ, ಹಾಗಾಗಿ ಸಾಲಿಡ್ ಟಾಪ್‌ನ ನಾದ ತುಂಬಿಕೊಂಡಿರುತ್ತೆ. ಯಮಹಾ ಎಫ್310 ಲ್ಯಾಮಿನೇಟ್. ಯಮಹಾ ಎಫ್‌ಜಿ800, ಫೆಂಡರ್ ಸಿಡಿ-60ಎಸ್ ಸಾಲಿಡ್ ಟಾಪ್. ಮೊದಲನೇದು 10,000ದ ಆಸುಪಾಸು, ಆಮೇಲಿನವು ಅದಕ್ಕಿಂತ ಸಾಕಷ್ಟು ಮೇಲೆ. ದರ ತಿಂಗಳು ತಿಂಗಳು ಬದಲಾಗುತ್ತೆ, ಕೊಳ್ಳೋ ದಿನ ನೋಡ್ಕೊಳ್ಳಿ.

ಒಂದು ಮಾತಿನ ಚಮತ್ಕಾರ ಗಮನಿಸಿ. ಡಬ್ಬದ ಮೇಲೆ ಬರೀ "ಸ್ಪ್ರೂಸ್ ಟಾಪ್" ಅಂತಿದ್ರೆ ಅದು ಬಹುತೇಕ ಲ್ಯಾಮಿನೇಟೇ. "ಸಾಲಿಡ್ ಸ್ಪ್ರೂಸ್ ಟಾಪ್" ಅಂತಿದ್ರೆ ಮಾತ್ರ ಅಪ್ಪಟ ಹಲಗೆ. ಸೌಂಡ್ ಹೋಲ್ ಅಂಚು ನೋಡಿದ್ರೂ ಗೊತ್ತಾಗುತ್ತೆ: ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದ್ರೆ ಸಾಲಿಡ್, ಪದರ ಪದರ ಕಂಡ್ರೆ ಲ್ಯಾಮಿನೇಟ್.

ಹಾಗಂತ ಲ್ಯಾಮಿನೇಟ್ ಕೀಳು ಅಂತಲ್ಲ. ಅಪ್ಪಟ ಮರ ಗಾಳಿಯ ತೇವಕ್ಕೆ ಹಿಗ್ಗುತ್ತೆ, ಒಣ ಬಿಸಿಲಿಗೆ ಕುಗ್ಗುತ್ತೆ, ಕೆಲವು ಸಲ ಸೀಳೂ ಬಿಡುತ್ತೆ. ಗಿಟಾರ್‌ಗೆ ಹಿತವಾದ ಗಾಳಿಯ ತೇವಾಂಶ 45ರಿಂದ 55 ಪರ್ಸೆಂಟ್. ಜುಲೈ ತಿಂಗಳ ಮಂಗಳೂರಿನಲ್ಲಿ, ಮೇ ತಿಂಗಳ ಕಲಬುರಗಿಯಲ್ಲಿ ಇದು ಎಲ್ಲಿಂದ ಬರಬೇಕು? ಹಾಸ್ಟೆಲ್‌ನಲ್ಲಿ ಗೋಡೆಗೆ ಒರಗಿಸಿಟ್ಟು, ಬಸ್ಸಿನ ಮೇಲಿನ ಕಂಬಿಗೆ ತುರುಕಿ ಓಡಾಡೋರಿಗೆ ಒಳ್ಳೆ ಲ್ಯಾಮಿನೇಟ್ ಗಿಟಾರೇ ಜಾಣತನ.

ಇನ್ನೊಂದು ಖುಷಿ ವಿಷಯ. ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಅನ್ನೋ ದುಬಾರಿ ಗಿಟಾರ್‌ನ ಹಿಂಭಾಗ ಮತ್ತು ಪಕ್ಕಗಳಿಗೆ ಬಳಸೋ ಈಸ್ಟ್ ಇಂಡಿಯನ್ ರೋಸ್‌ವುಡ್ ಇದೆಯಲ್ಲ, ಅದು ಬೇರೇನಲ್ಲ, ನಮ್ಮ ಮಲೆನಾಡಿನಲ್ಲೂ ಬೆಳೆಯೋ ಬೀಟೆ ಮರದ ಜಾತಿ. ಆದ್ರೆ 6,000ದ ಗಿಟಾರ್ ಮೇಲೆ "ರೋಸ್‌ವುಡ್" ಅಂತ ಬರೆದಿದ್ರೆ ಮರುಳಾಗಬೇಡಿ. ಮೊದಲು ಮೂರು ಕಾರ್ಡ್ ಪರೀಕ್ಷೆ ಮಾಡಿ.

ಆಕಾರ: ನಿಮ್ಮ ಮೈಗೆ ಹೊಂದಬೇಕು

ಅಂಗಡಿಯಲ್ಲಿ ಹೆಚ್ಚಾಗಿ ಕಾಣೋ ದೊಡ್ಡ, ಅಗಲ ಸೊಂಟದ ಆಕಾರಕ್ಕೆ ಡ್ರೆಡ್‌ನಾಟ್ ಅಂತಾರೆ. 1916ರಲ್ಲಿ ಮಾರ್ಟಿನ್ ಕಂಪನಿ ಮಾಡಿದ ವಿನ್ಯಾಸ, ಹೆಸರು ಬಂದಿದ್ದು ಬ್ರಿಟನ್ನಿನ ಯುದ್ಧನೌಕೆಯಿಂದ. ದನಿ ಜೋರು, ಸ್ಟ್ರಮ್ ಮಾಡಿ ಹಾಡೋರಿಗೆ ಒಳ್ಳೇದು. ಆದ್ರೆ ನನ್ನ ಥರ ಐದಡಿ ಎತ್ತರದವರಿಗೆ ಅರ್ಧ ಗಂಟೆಯಲ್ಲಿ ಬಲಭುಜ ನೋಯೋಕೆ ಶುರುವಾಗುತ್ತೆ. ಅವರಿಗೆ ಕಾನ್ಸರ್ಟ್ ಅನ್ನೋ ಸಣ್ಣ ಬಾಡಿ ಸರಿ. ಅಂಗಡಿಯಲ್ಲಿ ಕನಿಷ್ಠ ಹತ್ತು ನಿಮಿಷ ತೊಡೆ ಮೇಲೆ ಇಟ್ಕೊಂಡು ಕೂತು ನೋಡಿ.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೃದು, ಆದ್ರೆ ಕತ್ತು ಅಗಲ, ದನಿಯೂ ಬೇರೆ. ಅದಕ್ಕೆ ಸ್ಟೀಲ್ ತಂತಿ ಮಾತ್ರ ಎಂದೂ ಹಾಕಬೇಡಿ. ಅಷ್ಟು ಎಳೆತಕ್ಕೆ ಅದನ್ನ ಮಾಡಿರಲ್ಲ, ಬ್ರಿಜ್ ಕಿತ್ತು ಬರುತ್ತೆ. ಸ್ಟೀಲ್ ಗಿಟಾರ್‌ನಲ್ಲೇ ಬೆರಳು ನೋವು ಕಮ್ಮಿ ಆಗಬೇಕು ಅಂದ್ರೆ, 12ರಿಂದ ಶುರುವಾಗೋ ಲೈಟ್ ಸೆಟ್ ಬದಲು 10ರ ಎಕ್ಸ್‌ಟ್ರಾ ಲೈಟ್ ತಂತಿ ಹಾಕಿಸಿ.

ಸ್ಟೇಜ್ ಮೇಲೆ ಹಾಡೋರಿಗೆ

ಈಗ ತಮ್ಮನ ಎರಡನೇ ಲಿಂಕ್‌ಗೆ ಬರೋಣ, ಆ 12,000ದ ಎಲೆಕ್ಟ್ರೋ-ಅಕೌಸ್ಟಿಕ್. ಒಳಗೆ ಪಿಕಪ್ ಇರುತ್ತೆ, ಪಕ್ಕದಲ್ಲಿ ಪ್ರೀಆ್ಯಂಪ್ ಗುಂಡಿಗಳು. ಕೇಬಲ್ ಹಾಕಿದ್ರೆ ನೇರ ಸೌಂಡ್ ಸಿಸ್ಟಮ್‌ಗೆ. ಕೇಳೋಕೆ ಚೆಂದ. ಆದ್ರೆ ಒಂದೇ ದರದ ಎರಡು ಗಿಟಾರ್‌ಗಳಲ್ಲಿ, ಪಿಕಪ್ ಇರೋದರಲ್ಲಿ ಆ ಎಲೆಕ್ಟ್ರಾನಿಕ್ಸ್ ಖರ್ಚನ್ನ ಎಲ್ಲಿಂದಲೋ ಉಳಿಸಿರಲೇಬೇಕು. ಸಾಮಾನ್ಯವಾಗಿ ಗಿಟಾರ್‌ನಿಂದಲೇ.

ನಿಮ್ಮನ್ನ ನೀವೇ ಕೇಳ್ಕೊಳ್ಳಿ: ವರ್ಷಕ್ಕೆ ಎಷ್ಟು ಸಲ ಸ್ಟೇಜ್ ಹತ್ತುತ್ತೀರಿ? ವರ್ಷಕ್ಕೆ ಎರಡು ಮೂರು ಸಲ, ಒಬ್ಬರೇ ಹಾಡೋದಾದ್ರೆ, ಪಿಕಪ್ ಬೇಡ. ಒಂದು ಮೈಕನ್ನ ಸೌಂಡ್ ಹೋಲ್‌ಗೆ ನೇರ ಇಡದೆ, ಕತ್ತು ಬಾಡಿಗೆ ಸೇರೋ ಜಾಗಕ್ಕೆ ಒಂದು ಗೇಣು ದೂರದಲ್ಲಿ ಇಟ್ರೆ ದನಿ ಸಹಜವಾಗಿ ಬರುತ್ತೆ. ಡ್ರಮ್ಸ್ ಇರೋ ಬ್ಯಾಂಡ್ ಜೊತೆ ನುಡಿಸ್ತೀರಾ, ನಿಂತು ಓಡಾಡ್ತೀರಾ, ತಿಂಗಳಿಗೊಂದು ಕಾರ್ಯಕ್ರಮ ಇದೆಯಾ? ಆಗ ಪಿಕಪ್ ಇರೋದೇ ತಗೊಳ್ಳಿ, ಮೈಕ್ ಸಾಲಲ್ಲ. ನಡುವಿನ ದಾರಿನೂ ಇದೆ: ಸಾದಾ ಗಿಟಾರ್ ತಗೊಂಡು ಆಮೇಲೆ ಸೌಂಡ್ ಹೋಲ್‌ಗೆ ಸಿಕ್ಕಿಸೋ, ಇಲ್ಲಾ ಬಾಡಿಗೆ ಅಂಟಿಸೋ ಪಿಕಪ್ ಹಾಕೋದು. ಅಂಟಿಸೋದರ ದನಿ ಸ್ವಲ್ಪ ತೆಳು, ಆದ್ರೆ ಸಣ್ಣ ಸ್ಟೇಜ್‌ಗೆ ಸಾಕು.

ಪಿಕಪ್ ಇರೋರಿಗೆ ನನ್ನ ಸ್ವಂತ ಅನುಭವದ ಒಂದು ಎಚ್ಚರಿಕೆ. 2023ರಲ್ಲಿ ಬೆಂಗಳೂರಲ್ಲಿ ಒಂದು ಓಪನ್ ಮೈಕ್. ಸಾಲ ತಂದ ಎಲೆಕ್ಟ್ರೋ-ಅಕೌಸ್ಟಿಕ್. ಹಿಂದಿನ ರಾತ್ರಿ ಪ್ರಾಕ್ಟೀಸ್ ಮಾಡಿ ಕೇಬಲ್ ತೆಗೆಯೋಕೆ ಮರೆತು ಮಲಗಿದ್ದೆ. ಈ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸ್ವಿಚ್ ಇರಲ್ಲ, ಕೇಬಲ್ ಸಿಕ್ಕಿಸಿದ್ರೆ ಪ್ರೀಆ್ಯಂಪ್ ಆನ್. ರಾತ್ರಿಯಿಡೀ 9 ವೋಲ್ಟ್ ಬ್ಯಾಟರಿ ಕರಗ್ತಾ ಇತ್ತು. ಸ್ಟೇಜ್ ಮೇಲೆ ಎರಡನೇ ಚರಣದಲ್ಲಿ ದನಿ ಒಡೆದ ತಗಡಿನ ಥರ ಆಗಿ, ಆಮೇಲೆ ಇಲ್ಲವೇ ಇಲ್ಲ. ಉಳಿದಿದ್ದನ್ನ ಚಪ್ಪಾಳೆ ತಾಳದಲ್ಲಿ ಹಾಡಿ ಇಳಿದೆ. ಅವತ್ತಿಂದ ಬ್ಯಾಗಲ್ಲಿ ಒಂದು ಹೊಸ ಬ್ಯಾಟರಿ ಇದ್ದೇ ಇರುತ್ತೆ.

ಕೂಯ್ ಅನ್ನೋ ಫೀಡ್‌ಬ್ಯಾಕ್ ಬಂದ್ರೆ ಸ್ಪೀಕರ್ ಎದುರಿಂದ ಪಕ್ಕಕ್ಕೆ ಸರಿಯಿರಿ. ಸೌಂಡ್ ಹೋಲ್ ಮುಚ್ಚೋ ರಬ್ಬರ್ ಬಿಲ್ಲೆ ಸಿಗುತ್ತೆ, ಅದೂ ಕೆಲಸ ಮಾಡುತ್ತೆ.

ಸೆಕೆಂಡ್ ಹ್ಯಾಂಡ್ ಮತ್ತು ಇಎಂಐ

ಸೆಕೆಂಡ್ ಹ್ಯಾಂಡ್‌ಗೆ ಹೆದರಬೇಡಿ. ನನ್ನ ಥರ ಐದು ತಿಂಗಳಿಗೆ ಬಿಟ್ಟೋರ ಗಿಟಾರ್‌ಗಳು ಊರ ತುಂಬ ಇವೆ, ಕೆಲವು ನಿಜಕ್ಕೂ ಒಳ್ಳೇವು. ಮೇಲಿನ ಎಲ್ಲ ಪರೀಕ್ಷೆ ಜೊತೆ ಇನ್ನೊಂದು: ಬ್ರಿಜ್‌ನ ಹಿಂದಿನ ಅಂಚಿನ ಕೆಳಗೆ ಒಂದು ಕಾಗದದ ಹಾಳೆ ತೂರಿಸಿ. ಒಳಗೆ ಹೋದ್ರೆ ಬ್ರಿಜ್ ಏಳ್ತಾ ಇದೆ. ಅಲ್ಲಿಂದ ಎದ್ದು ಬನ್ನಿ.

ಇನ್ನು "ನೋ ಕಾಸ್ಟ್ ಇಎಂಐ". ಬಿಕಾಂ ಓದಿದ್ದಕ್ಕೆ ಇಷ್ಟಾದ್ರೂ ಹೇಳ್ಬೇಕು. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿತ್ತು. ಒಟ್ಟಿಗೆ ದುಡ್ಡು ಕೊಟ್ರೆ 1,000 ರೂಪಾಯಿ ರಿಯಾಯಿತಿ ಇದ್ದು, ಇಎಂಐಗೆ ಆ ರಿಯಾಯಿತಿ ಇಲ್ಲ ಅಂದ್ರೆ, ನಿಮ್ಮ ಬಡ್ಡಿ ಆ 1,000. ಮೇಲೆ ಪ್ರೊಸೆಸಿಂಗ್ ಫೀ ಇದೆಯಾ ನೋಡಿ.

ತಮ್ಮನ ಲೆಕ್ಕ

ಕೊನೆಗೆ ನಾವಿಬ್ಬರೂ ಅಂಗಡಿಗೆ ಹೋದ್ವಿ. ಅವನ ಎಟಿಎಂ ಕಾರ್ಡ್ ಒಂದು, ನನ್ನವು ಎರಡು. ಅಂಗಡಿಯವರು ಮೊದಲು ವಿಚಿತ್ರವಾಗಿ ನೋಡಿದ್ರು, ಆಮೇಲೆ ಅವರೇ ಇನ್ನೊಂದು ಗಿಟಾರ್ ತಂದು "ಇದಕ್ಕೂ ಹಾಕಿ ನೋಡಿ" ಅಂದ್ರು. ಒಂದೇ ಮಾಡೆಲ್‌ನ ಮೂರು ಗಿಟಾರ್, ಮೂರರದ್ದೂ ಬೇರೆ ಬೇರೆ ಆ್ಯಕ್ಷನ್. ಆನ್‌ಲೈನ್‌ನಲ್ಲಿ ಇದು ಹೇಗೆ ಗೊತ್ತಾಗಬೇಕು ಹೇಳಿ?

ಲೆಕ್ಕ ಹೀಗಾಯ್ತು. ಪಿಕಪ್ ಇಲ್ಲದ ಲ್ಯಾಮಿನೇಟ್ ಗಿಟಾರ್ 8,900. ಸೆಟಪ್, ಅಂದ್ರೆ ನಟ್, ಸ್ಯಾಡಲ್, ಕತ್ತು ಎಲ್ಲ ಸರಿ ಮಾಡಿಸಿದ್ದು 700. ತೆಳು ತಂತಿ ಸೆಟ್ 450. ದಪ್ಪ ಬ್ಯಾಗ್ 900. ತನ್ನ ಶ್ರುತಿಗೆ ಹೊಂದಿಸ್ಕೊಂಡು ಹಾಡೋಕೆ ಒಂದು ಕೇಪೊ 250. ಅಂಟಿಸೋ ಪಿಕಪ್ 700. ಒಟ್ಟು 11,900. ಉಳಿದ ನೂರರಲ್ಲಿ ನಾಲ್ಕು ಪಿಕ್, ಎರಡು ಟೀ.

ಇಲ್ಲಿ ನೆನಪಿಡಬೇಕಾದ ಒಂದೇ ಸಾಲು ಅಂದ್ರೆ ಆ 700 ರೂಪಾಯಿಯ ಸೆಟಪ್. ಬಜೆಟ್ ಎಷ್ಟೇ ಇರ್ಲಿ, ಅದನ್ನ ಮೊದಲು ಎತ್ತಿಟ್ಟು ಉಳಿದಿದ್ದರಲ್ಲಿ ಗಿಟಾರ್ ಹುಡುಕಿ. 2016ರಲ್ಲಿ ನಂಗೆ ಯಾರಾದ್ರೂ ಈ ಮಾತು ಹೇಳಿದ್ರೆ ಅಂತ ಈಗಲೂ ಅನ್ಸುತ್ತೆ.

ಗಿಟಾರ್ ಹಿಡ್ಕೊಂಡು ಕನ್ನಡ ಹಾಡೋಕೆ ಆಗಲ್ಲ ಅಂತ ಈಗ ಯಾರೂ ಹೇಳಲ್ಲ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನ ಗಿಟಾರ್ ಜೊತೆ ದೇಶ ವಿದೇಶದ ಸ್ಟೇಜ್‌ಗಳಲ್ಲಿ ಹಾಡಿ ತೋರಿಸಿದ್ದಾರೆ. ನಮ್ಮ ತಮ್ಮ ಇನ್ನೂ ಅಷ್ಟು ದೂರ ಹೋಗಿಲ್ಲ. ಹೋದ ವಾರ ರಾತ್ರಿ, ಕೊನೇ ಪಾರ್ಸೆಲ್ ಕೊಟ್ಟು ಮನೆಗೆ ಬಂದ ಮೇಲೆ, ನಲವತ್ತು ಸೆಕೆಂಡಿನ ಒಂದು ವಾಯ್ಸ್ ನೋಟ್ ಕಳಿಸಿದ್ದ. ಹಿಂದೆ ಚಿಕ್ಕಮ್ಮ "ಮಲ್ಕೊಳೋ ಸಾಕು" ಅಂತ ಬೈತಾ ಇದ್ರು. ಮಧ್ಯದಲ್ಲಿ ಎಫ್ ಕಾರ್ಡ್ ಎರಡು ಸಲ ತಪ್ಪಿತು, ಮೂರನೇ ಸಲ ನುಡೀತು. ಹಬ್ಬಕ್ಕೆ ಇನ್ನೂ ಏಳು ವಾರ ಇದೆ.

ನಿಮ್ಮ ಮನೆ ಅಟ್ಟದ ಮೇಲೂ ಒಂದು ಗಿಟಾರ್ ಇದ್ರೆ, ಇವತ್ತು ಇಳಿಸಿ, ಮೂರು ಕಾರ್ಡ್ ಹಾಕಿ ನೋಡಿ. ಎಷ್ಟು ಹಿಡೀತು ಅಂತ ನಂಗೂ ಹೇಳಿ.